ಇರುವ ರಸ್ತೆಯನ್ನೇ ಅಗಲ ಮಾಡಿದರೆ ಹಳ್ಳಕ್ಕೆ, ಕೆರೆಗೆ ಏನಾಗುತ್ತದೆ?

ಪ್ರಶ್ನೆ: ನಾವು ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನವರು. ಊರಿನ ಪಕ್ಕದ ರಾಜ್ಯ ಹೆದ್ದಾರಿಯನ್ನು ಅಗಲ ಮಾಡುತ್ತಾರಂತೆ, ಅಳತೆ ಕಲ್ಲು ನೆಟ್ಟು ಹೋಗಿದ್ದಾರೆ. ರಸ್ತೆ ಎರಡು ಕಡೆ ಹಳ್ಳ ದಾಟುತ್ತದೆ. ಒಂದು ಕಡೆ ಕೆರೆಯ ಅಂಚಿನಲ್ಲೇ ಹೋಗುತ್ತದೆ. ಚಳಿಗಾಲದಲ್ಲಿ ಆ ಕೆರೆಗೆ ಹೆಬ್ಬಾತುಗಳು ಬರುತ್ತವೆ. ಪರಿಸರದ ಅಧ್ಯಯನ ಆಗಿದೆಯಾ ಎಂದು ಕೇಳಿದರೆ, ‘ಇರುವ ರಸ್ತೆಯನ್ನೇ ಅಗಲ ಮಾಡೋದು, ಅದಕ್ಕೆಲ್ಲ ಅಧ್ಯಯನ ಬೇಕಿಲ್ಲ’ ಅಂದರು. ಇದು ನಿಜವಾ? ರಸ್ತೆ ನಮಗೂ ಬೇಕು. ಆದರೆ ಹಳ್ಳ, ಕೆರೆಗೆ ಏನಾಗಬಹುದು ಎಂದು ತಿಳಿದುಕೊಳ್ಳುವುದು ಹೇಗೆ?

ಉತ್ತರ: ನಿಮಗೆ ಸಿಕ್ಕ ಉತ್ತರ ಅರ್ಧ ನಿಜ. ಆ ಅರ್ಧವನ್ನು ಮೊದಲು ನೋಡೋಣ.

ಯಾವ ಯೋಜನೆಗೆ ಪರಿಸರ ಅನುಮತಿ ಬೇಕು ಎಂದು ಹೇಳುವುದು ಕೇಂದ್ರ ಸರ್ಕಾರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಅದರ ಪಟ್ಟಿಯಲ್ಲಿ ಹೆದ್ದಾರಿಗಳೂ ಇವೆ. ಹೊಸ ರಾಜ್ಯ ಹೆದ್ದಾರಿಗೆ ಅನುಮತಿ ಬೇಕು. ಇರುವ ರಾಜ್ಯ ಹೆದ್ದಾರಿಯನ್ನು ಅಗಲ ಮಾಡುವುದಾದರೆ, ಅದು ಸಮುದ್ರ ಮಟ್ಟದಿಂದ 1,000 ಮೀಟರ್‌ಗಿಂತ ಎತ್ತರದ ಗುಡ್ಡಗಾಡಿನಲ್ಲೋ ಪರಿಸರ ಸೂಕ್ಷ್ಮ ಪ್ರದೇಶದಲ್ಲೋ ಇದ್ದರೆ ಮಾತ್ರ ಬೇಕು. ನಮ್ಮ ಬಯಲುಸೀಮೆಗೆ ಆ ಎತ್ತರ ಅನ್ವಯಿಸುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆಗೂ 2013ರಲ್ಲಿ ಮಿತಿಯನ್ನು ಸಡಿಲ ಮಾಡಿದರು. ಉದ್ದ 100 ಕಿ.ಮೀ. ದಾಟಬೇಕು, ಜೊತೆಗೆ ಹಳೇ ದಾರಿಯಲ್ಲಿ 40 ಮೀಟರ್‌ಗಿಂತ, ಬೈಪಾಸ್ ಅಥವಾ ಹೊಸ ತಿರುವಿನಲ್ಲಿ 60 ಮೀಟರ್‌ಗಿಂತ ಹೆಚ್ಚು ಅಗಲದ ಜಾಗ ಹೊಸದಾಗಿ ಬೇಕಾಗಬೇಕು. ಹೀಗಾಗಿ ನಮ್ಮ ಕಡೆಯ ಎಷ್ಟೋ ಅಗಲೀಕರಣಗಳು ಈ ಅನುಮತಿಯ ಬಾಗಿಲಿಗೇ ಹೋಗುವುದಿಲ್ಲ.

ಆದರೆ ಪರಿಸರ ಅನುಮತಿ ಬೇಡ ಅಂದರೆ ನೀರಿನ ಲೆಕ್ಕ ಬೇಡ ಅಂತಲ್ಲ. ಇಲ್ಲೇ ಜನರನ್ನು ಸುಮ್ನೆ ವಾಪಸ್ ಕಳಿಸಿಬಿಡುತ್ತಾರೆ. ಯಾವುದೇ ಹೆದ್ದಾರಿಗೆ ವಿಸ್ತೃತ ಯೋಜನಾ ವರದಿ, ಅಂದರೆ ಡಿಪಿಆರ್ ಮಾಡಲೇಬೇಕು. ಅದರಲ್ಲಿ ಪ್ರತಿ ಹಳ್ಳದ ಜಲಾನಯನ ಎಷ್ಟು, ಎಷ್ಟು ನೀರು ಬರುತ್ತದೆ, ಸೇತುವೆಯ ಬಾಯಿ ಎಷ್ಟು ಎಂಬ ಲೆಕ್ಕ ಇರಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಸಂಹಿತೆಗಳಲ್ಲಿ ಎಸ್‌ಪಿ 13 ಎಂಬುದು ಸಣ್ಣ ಸೇತುವೆ ಮತ್ತು ಸಿಡಿಗಳಿಗೇ (ರಸ್ತೆಯ ಅಡಿಯಲ್ಲಿ ನೀರು ದಾಟಿಸುವ ಮೋರಿಗಳಿಗೇ) ಮೀಸಲು. ರಸ್ತೆಯ ಚರಂಡಿ ವ್ಯವಸ್ಥೆಗೆ ಎಸ್‌ಪಿ 42 ಇದೆ. ಇನ್ನು ಯೋಜನೆಗೆ ವಿಶ್ವಬ್ಯಾಂಕ್ ಅಥವಾ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಸಾಲ ಇದ್ದರೆ ಸಾಲ ಕೊಡುವವರದೇ ಪರಿಸರ ಷರತ್ತುಗಳಿರುತ್ತವೆ. ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆ, ಅಂದರೆ ಕೆಶಿಪ್ ರಸ್ತೆಗಳಿಗೆ ಹಾಗೆಯೇ ಅಧ್ಯಯನ ನಡೆದಿತ್ತು. ಆದ್ದರಿಂದ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಹಣ ಯಾರದು? ಎರಡನೆಯದು: ಡಿಪಿಆರ್‌ನ ಜಲವಿಜ್ಞಾನ ಅಧ್ಯಾಯ ಮತ್ತು ಸಿಡಿಗಳ ಪಟ್ಟಿ ಕೊಡಿ. ಮಾಹಿತಿ ಹಕ್ಕಿನಡಿ ಲೋಕೋಪಯೋಗಿ ಇಲಾಖೆಯ ಕಾರ್ಯನಿರ್ವಾಹಕ ಎಂಜಿನಿಯರ್ ಕಚೇರಿಗೆ ಅರ್ಜಿ ಹಾಕಿ. ಬರೀ ‘ಪರಿಸರ ವರದಿ ಕೊಡಿ’ ಎಂದು ಕೇಳಿದರೆ ‘ಇಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಸಿಡಿ ಪಟ್ಟಿ ಕೇಳಿದರೆ ಇಲ್ಲ ಎನ್ನಲು ಬರುವುದಿಲ್ಲ.

ಈಗ ಹಳ್ಳದ ವಿಷಯಕ್ಕೆ ಬರೋಣ. ಗದಗ, ಧಾರವಾಡ, ಹಾವೇರಿಯ ಎರೆ ಭೂಮಿಯಲ್ಲಿ ಹಳ್ಳದ ಸ್ವಭಾವವೇ ಬೇರೆ. ವರ್ಷದ ಬಹುಪಾಲು ಅದು ಒಣಗಿರುತ್ತದೆ. ಮಾರ್ಚ್‌ನಲ್ಲಿ ಸರ್ವೆಗೆ ಬಂದವರಿಗೆ ಕಾಣುವುದು ಜಾಲಿ ಗಿಡ, ಬಿರುಕು ಬಿಟ್ಟ ಮಣ್ಣು, ಅಲ್ಲೊಂದು ಇಲ್ಲೊಂದು ಎಮ್ಮೆ. ವರದಿಯಲ್ಲಿ ‘ಮಳೆಗಾಲದ ತೊರೆ, ಗಮನಾರ್ಹ ಜಲಚರಗಳಿಲ್ಲ’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಪರಿಸರ ವರದಿಗಳ ಮೂಲ ಮಾಹಿತಿಯನ್ನು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಬೇರೆ ಒಂದು ಋತುವಿನಲ್ಲಿ ಸಂಗ್ರಹಿಸುತ್ತಾರೆ. ಗಾಳಿ, ಶಬ್ದ ಅಳೆಯಲು ಅದು ಸರಿ ಇರಬಹುದು. ನಮ್ಮ ಹಳ್ಳಗಳಿಗೆ ಅದು ಸರಿಯಲ್ಲ. ಹಳ್ಳ ಹರಿಯದಿದ್ದಾಗ ಹಳ್ಳವನ್ನು ಅಳೆದಂತಾಗುತ್ತದೆ.

ಬೆಣ್ಣೆಹಳ್ಳವನ್ನೇ ನೋಡಿ. ಶಿಗ್ಗಾವಿ ತಾಲ್ಲೂಕಿನ ಧುಂಡಸಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆ ಹೊಲಗಳ ನಡುವೆ ಹರಿದು ಮಲಪ್ರಭೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ದಾಟಿದವರಿಗೆ ಅದೊಂದು ತಗ್ಗು ಅಷ್ಟೇ. 2009ರಲ್ಲಿ, ಮತ್ತೆ 2019ರಲ್ಲಿ ಅದು ಏನು ಮಾಡಿತು ಎಂಬುದು ನವಲಗುಂದ, ನರಗುಂದದ ಯಾರಿಗೂ ಮರೆತಿಲ್ಲ. ಇದರ ಹಿಂದೆ ಮಣ್ಣಿನ ಗುಣ ಇದೆ. ಮುಂಗಾರಿನ ಮೊದಲ ಮಳೆ ಬಂದಾಗ ಎರೆ ಮಣ್ಣಿನ ಬಿರುಕುಗಳು ನೀರನ್ನು ನುಂಗುತ್ತವೆ. ಹಳ್ಳಕ್ಕೆ ಏನೂ ಬರುವುದಿಲ್ಲ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ಹೊಲ ನೀರನ್ನು ಒಳಗೆ ಬಿಡುವುದೇ ಇಲ್ಲ ಅನ್ನುವಷ್ಟು ನಿಧಾನ. ಆಗ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದೊಡ್ಡ ಮಳೆ ಬಿದ್ದರೆ ಬಹುಪಾಲು ನೀರು ನೇರ ಹಳ್ಳಕ್ಕೆ. ಆದ್ದರಿಂದ ಲೆಕ್ಕದಲ್ಲಿ ಯಾವ ಸ್ಥಿತಿಯ ಮಣ್ಣನ್ನು ಹಿಡಿದಿದ್ದಾರೆ ಎಂದು ಕೇಳಬೇಕು. ಒಣ ಎರೆಯನ್ನು ಹಿಡಿದು ಮಾಡಿದ ಲೆಕ್ಕ ಸಿಡಿಯ ಬಾಯಿಯನ್ನು ಚಿಕ್ಕದು ಮಾಡುತ್ತದೆ.

ಇನ್ನೊಂದು ಮಾತು. ಸಮತಟ್ಟಾದ ಎರೆ ಸೀಮೆಯಲ್ಲಿ ಎಲ್ಲ ನೀರೂ ಹಳ್ಳದ ಪಾತ್ರದಲ್ಲೇ ಹರಿಯುವುದಿಲ್ಲ. ಜೋರು ಮಳೆಯಲ್ಲಿ ಅದು ಹೊಲದ ಮೇಲೆ ಹರವಾಗಿ, ಹೊಲದಿಂದ ಹೊಲಕ್ಕೆ ಇಳಿಯುತ್ತದೆ. ಈಗಿನ ಹಳೇ ರಸ್ತೆ ಹೊಲದ ಮಟ್ಟಕ್ಕೇ ಇದ್ದರೆ ನೀರು ಅದರ ಮೇಲೆಯೇ ದಾಟಿ ಹೋಗುತ್ತಿತ್ತು. ಹೊಸ ರಸ್ತೆಯನ್ನು ಒಂದೂವರೆ ಎರಡು ಮೀಟರ್ ಏರಿಸಿ, ನಡುವೆ ಡಿವೈಡರ್ ಕಟ್ಟಿದರೆ ಆ ನೀರಿಗೆ ಅದು ಒಡ್ಡು. ಮೇಲಿನ ಹೊಲದಲ್ಲಿ ದಿನಗಟ್ಟಲೆ ನೀರು ನಿಂತು ಶೇಂಗಾ, ಮೆಣಸಿನ ಗಿಡ ಕೊಳೆಯುತ್ತದೆ. ಕೆಳಗಿನ ಹೊಲಕ್ಕೆ, ಅದರಾಚೆಯ ಕೆರೆಗೆ ನೀರು ಕಡಿಮೆಯಾಗುತ್ತದೆ. ಸಿಡಿ ಇರುವಲ್ಲಿ ಮಾತ್ರ ಎಲ್ಲ ನೀರೂ ಒಟ್ಟಾಗಿ ನುಗ್ಗಿ ಕೆಳಗೆ ಕೊರಕಲು ಬೀಳುತ್ತದೆ. ಸರ್ವೆ ನಕ್ಷೆಯಲ್ಲಿ ಹಳ್ಳ ಎಂದು ಗೆರೆ ಇಲ್ಲದ ಕಡೆಯೂ ಸಮತೋಲನದ ಸಿಡಿಗಳು ಬೇಕಾಗುವುದು ಇದಕ್ಕೇ. ಇದನ್ನು ಎಂಜಿನಿಯರ್‌ಗೆ ತೋರಿಸಬಲ್ಲವರು ಆ ಹೊಲದ ರೈತರು ಮಾತ್ರ. ‘ಇಲ್ಲಿ ನೀರು ದಾಟುತ್ತದೆ’ ಎಂದು ಜಾಗ ತೋರಿಸಿ, ರಸ್ತೆಯ ಕಿಲೋಮೀಟರ್ ಕಲ್ಲಿನಿಂದ ಅಷ್ಟು ದೂರ ಎಂದು ಬರೆಸಿ.

ನೀವೇ ಮಾಡಬಹುದಾದ ಒಂದು ಅಳತೆ ಹೇಳುತ್ತೇನೆ. ರಸ್ತೆಯಿಂದ ಹಳ್ಳದ ಮೇಲ್ಭಾಗಕ್ಕೆ 50-60 ಹೆಜ್ಜೆ ನಡೆದು ಹೋಗಿ. ದಂಡೆಯ ಜಾಲಿ ಕಂಟಿಗಳನ್ನು ನೋಡಿ. ಕೊಂಬೆಗೆ ಒಣ ಹುಲ್ಲು, ಹತ್ತಿ ಕಟ್ಟಿಗೆ, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿರುತ್ತದೆ. ಅದೇ ಕಳೆದ ಪ್ರವಾಹದ ಗೆರೆ. ಅಲ್ಲಿಂದ ಹಳ್ಳದ ತಳಕ್ಕೆ ಟೇಪ್ ಬಿಡಿ, ಆಳ ಸಿಕ್ಕಿತು. ದಂಡೆಯಿಂದ ದಂಡೆಗೆ ಹಿಡಿದರೆ ಅಗಲ ಸಿಕ್ಕಿತು. ಉದಾಹರಣೆಗೆ ಅಗಲ 8 ಮೀಟರ್, ಸರಾಸರಿ ಆಳ ಒಂದೂವರೆ ಮೀಟರ್ ಎಂದುಕೊಳ್ಳಿ. ನೀರು ಹರಿದ ಅಡ್ಡ ವಿಸ್ತೀರ್ಣ 12 ಚದರ ಮೀಟರ್. ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ಎಂದರೂ ಸೆಕೆಂಡಿಗೆ 18 ಘನ ಮೀಟರ್ ನೀರು. ಈಗ ನಕ್ಷೆಯಲ್ಲಿ ಅಲ್ಲಿ 1.2 ಮೀಟರ್ ವ್ಯಾಸದ ಎರಡು ಪೈಪ್ ತೋರಿಸಿದ್ದಾರೆ ಅನ್ನೋಣ. ಎರಡರ ಬಾಯಿ ಸೇರಿ 2.26 ಚದರ ಮೀಟರ್. ಆ ನೀರು ಅದರಲ್ಲಿ ಹೋಗಬೇಕಾದರೆ ಸೆಕೆಂಡಿಗೆ 8 ಮೀಟರ್ ವೇಗ ಬೇಕು. ಅಷ್ಟು ವೇಗ ಬರುವುದಿಲ್ಲ, ಬಂದರೆ ಸಿಡಿಯೇ ಉಳಿಯುವುದಿಲ್ಲ. ನೀರು ಹಿಂದಕ್ಕೆ ನಿಲ್ಲುತ್ತದೆ. ಇಷ್ಟು ಲೆಕ್ಕ ಒಂದು ಹಾಳೆಯಲ್ಲಿ ಬರೆದು, ಕಸದ ಗೆರೆಯ ಫೋಟೊ ಹಚ್ಚಿ ಕೊಟ್ಟರೆ ಯಾವ ಎಂಜಿನಿಯರ್ ಆದರೂ ತನ್ನ ನಕ್ಷೆಯ ಗರಿಷ್ಠ ಪ್ರವಾಹ ಮಟ್ಟವನ್ನು ತೆಗೆದು ನೋಡಲೇಬೇಕಾಗುತ್ತದೆ. ಪೈಪ್ ಬದಲು ಬಾಕ್ಸ್ ಸಿಡಿ ಅಥವಾ ಕಿರು ಸೇತುವೆ ಆಗುವುದು ಹೀಗೆಯೇ.

ಬಾಯಿ ಎಷ್ಟು ದೊಡ್ಡದು ಎಂಬಷ್ಟೇ ಮುಖ್ಯ, ಸಿಡಿಯ ತಳ ಯಾವ ಮಟ್ಟದಲ್ಲಿದೆ ಎಂಬುದು. ತಳ ಹಳ್ಳಕ್ಕಿಂತ ಮೇಲಿದ್ದರೆ ಮೇಲ್ಭಾಗದಲ್ಲಿ ಸದಾ ನೀರು ನಿಲ್ಲುತ್ತದೆ. ಕೆಳಗೆ ನೀರು ಧುಮುಕಿ ಗುಂಡಿ ಬೀಳುತ್ತದೆ. ಮುಂಗಾರಿನ ಹೊಸ ನೀರಿಗೆ ಕೆರೆಯಿಂದ ಮೇಲಕ್ಕೆ ಹತ್ತುವ ಮೀನು ಆ ಮೆಟ್ಟಿಲನ್ನು ದಾಟಲಾರದು. ಬಾಕ್ಸ್‌ನ ತಳವನ್ನು ಹಳ್ಳದ ತಳಕ್ಕಿಂತ ಸ್ವಲ್ಪ ಕೆಳಗೆ ಇಟ್ಟು, ಮೇಲೆ ಹಳ್ಳದ ಮಣ್ಣೇ ಕೂರುವಂತೆ ಮಾಡಿದರೆ ಈ ತೊಂದರೆ ಇರುವುದಿಲ್ಲ. ಖರ್ಚೂ ಜಾಸ್ತಿ ಏನಿಲ್ಲ.

ಅಗಲವಾದ ಡಾಂಬರಿನಿಂದ ನೀರು ಜಾಸ್ತಿ ಹರಿದು ಹಳ್ಳ ಉಕ್ಕುತ್ತದೆ ಎಂದು ಕೆಲವರು ವಾದಿಸುತ್ತಾರೆ. ನನ್ನ ಪ್ರಕಾರ ನಿಮ್ಮಂಥ ಬಯಲಿನಲ್ಲಿ ಅದು ದೊಡ್ಡ ಮಾತಲ್ಲ. 7 ಮೀಟರ್ ಇದ್ದದ್ದು 16 ಮೀಟರ್ ಆದರೆ ಒಂದು ಕಿ.ಮೀ.ಗೆ 9,000 ಚದರ ಮೀಟರ್ ಹೆಚ್ಚುವರಿ ಡಾಂಬರು. 50 ಮಿ.ಮೀ. ಮಳೆಗೆ ನಾಲ್ಕೂವರೆ ಲಕ್ಷ ಲೀಟರ್. ಕೇಳಲು ದೊಡ್ಡದು. ಆದರೆ 5 ಚದರ ಕಿ.ಮೀ. ಜಲಾನಯನದಿಂದ ಅದೇ ಮಳೆಗೆ ನೂರರಲ್ಲಿ 40 ಪಾಲು ಹರಿದರೂ 10 ಕೋಟಿ ಲೀಟರ್ ಬರುತ್ತದೆ. ಅದರ ಮುಂದೆ ಇದು ಏನೂ ಅಲ್ಲ. ಡಾಂಬರಿನ ನೀರಿನ ತೊಂದರೆ ಇರುವುದು ಅದರ ಕೊಳೆಯಲ್ಲಿ. ತಿಂಗಳುಗಟ್ಟಲೆ ಬಿದ್ದ ಎಣ್ಣೆ, ಟೈರಿನ ಪುಡಿ, ಬ್ರೇಕಿನ ಧೂಳು ಮೊದಲ ಮಳೆಗೆ ತೊಳೆದು ಬರುತ್ತದೆ. ಹಳ್ಳಕ್ಕಿಂತ ಕೆರೆಗೆ ಅದು ಕೆಟ್ಟದ್ದು, ಯಾಕೆಂದರೆ ಕೆರೆಗೆ ಬಂದದ್ದು ಅಲ್ಲೇ ಉಳಿಯುತ್ತದೆ. ರಸ್ತೆಯ ಚರಂಡಿಯನ್ನು ನೇರ ಕೆರೆಗೆ ಬಿಡದೆ, ಹುಲ್ಲು ಬೆಳೆದ ತಗ್ಗಿನಲ್ಲಿ ಹಾಯಿಸಿ ಬಿಡಬೇಕು ಎಂದು ಕೇಳಿ.

ಕೆರೆಯ ಕಾನೂನು ಸ್ವಲ್ಪ ಜಟಿಲ. 2017ರ ಜೌಗು ಪ್ರದೇಶ ಸಂರಕ್ಷಣೆ ನಿಯಮಗಳಿವೆ. ಆದರೆ ಕುಡಿಯುವ ನೀರಿಗಾಗಿ, ನೀರಾವರಿಗಾಗಿಯೇ ಕಟ್ಟಿದ ಕೆರೆಗಳನ್ನು ಅದರ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ನಮ್ಮ ಕಡೆಯ ಕೆರೆಗಳಲ್ಲಿ ಹೆಚ್ಚಿನವು ಅಂಥವೇ ಅಲ್ವಾ? ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂದು ಘೋಷಣೆಯಾದದ್ದಕ್ಕೆ, ಇಲ್ಲವೇ ಸರ್ಕಾರ ಅಧಿಸೂಚನೆ ಹೊರಡಿಸಿದ ಜೌಗು ಪ್ರದೇಶಕ್ಕೆ ಮಾತ್ರ ನಿಯಮಗಳು ನೇರವಾಗಿ ಅನ್ವಯಿಸುತ್ತವೆ. ನಿಮ್ಮ ನೆರೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ 2024ರ ಜನವರಿಯಲ್ಲಿ ರಾಮ್ಸರ್ ಮಾನ್ಯತೆ ಘೋಷಣೆಯಾಯಿತು. ಅದರ ಪ್ರಭಾವ ವಲಯದೊಳಗೆ ಏನೇ ಕೆಲಸ ಬಂದರೂ ನೋಡಬೇಕಾದ್ದು ಕೆರೆಯ ನೀರಿನ ಗೆರೆಯನ್ನಷ್ಟೇ ಅಲ್ಲ, ಅದಕ್ಕೆ ನೀರು ಕೊಡುವ ಜಲಾನಯನವನ್ನೂ. ನಿಮ್ಮ ಕೆರೆ ಆ ಪಟ್ಟಿಯಲ್ಲಿಲ್ಲದಿದ್ದರೆ ನಿರಾಶರಾಗಬೇಡಿ. ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಇದೆ. ಕೆರೆ ಅಂಗಳದ ಒತ್ತುವರಿಗೆ ಅದು ಅನ್ವಯಿಸುತ್ತದೆ. ಅದಕ್ಕೆ ಮೊದಲು ಕೆರೆಯ ಗಡಿ ಸರ್ವೆ ಆಗಿರಬೇಕು. ಗ್ರಾಮ ನಕಾಶೆ ತೆಗೆದುಕೊಳ್ಳಿ, ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹೊಂದಿಸಿ ನೋಡಿ, ಅಳತೆ ಕಲ್ಲು ಯಾವ ನಂಬರಿನಲ್ಲಿ ಬಿದ್ದಿದೆ ಎಂದು ತಿಳಿಯುತ್ತದೆ. ನಕಾಶೆಯಲ್ಲಿ ಹಳ್ಳಗಳು ಬಿ ಖರಾಬು (ಸಾಗುವಳಿಗೆ ಬಾರದ ಸಾರ್ವಜನಿಕ ಜಾಗ) ಎಂದು ಇರುತ್ತವೆ, ಅವನ್ನೂ ಗುರುತು ಮಾಡಿಕೊಳ್ಳಿ.

ರಸ್ತೆ ಕೆರೆಯ ಯಾವ ಕಡೆ ಅಗಲವಾಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ನೀರಿನ ಕಡೆಗೆ 10 ಮೀಟರ್ ತುಂಬಿದರೆ, 400 ಮೀಟರ್ ಉದ್ದಕ್ಕೆ 4,000 ಚದರ ಮೀಟರ್, ಅಂದರೆ ಒಂದು ಎಕರೆ ಅಂಗಳ ಹೋಯಿತು. ಸರಾಸರಿ ಒಂದೂವರೆ ಮೀಟರ್ ಆಳ ಇದ್ದರೆ 60 ಲಕ್ಷ ಲೀಟರ್ ನೀರಿನ ಜಾಗ. ಅದಕ್ಕಿಂತ ಹೆಚ್ಚಾಗಿ, ಹೋಗುವುದು ಅಂಚು. ಹಕ್ಕಿಗಳಿಗೆ, ಕಪ್ಪೆಗೆ, ಮೀನಿನ ಮರಿಗೆ ಬೇಕಾದದ್ದು ಮೊಣಕಾಲುದ್ದದ ನೀರು, ಆಪು ಬೆಳೆದ ಕೆಸರು. ನಡುಗೆರೆಯ ಆಳ ಅಲ್ಲ. ‘ಇಲ್ಲಿ ತುಂಬಿದಷ್ಟನ್ನು ಆ ಕಡೆ ಹೂಳು ತೆಗೆದು ಆಳ ಮಾಡಿಕೊಡುತ್ತೇವೆ’ ಎನ್ನುತ್ತಾರೆ. ಲೀಟರ್ ಲೆಕ್ಕ ಸರಿಹೋಗಬಹುದು, ಅಂಚು ಮತ್ತೆ ಬರುವುದಿಲ್ಲ. ರಸ್ತೆ ಪಕ್ಕ ಸಾವಿರ ಗಿಡ ನೆಡುವುದೂ ಅದಕ್ಕೆ ಪರಿಹಾರ ಅಲ್ಲ. ಗಿಡ ಬೇಕು, ಆದರೆ ಕೆರೆಯ ಲೆಕ್ಕದಲ್ಲಿ ಅದನ್ನು ಸೇರಿಸಬಾರದು. ಆದ್ದರಿಂದ ಮೊದಲ ಬೇಡಿಕೆ: ಕೆರೆ ಇರುವಷ್ಟು ದೂರ ಎರಡೂ ಕಡೆ ಸಮವಾಗಿ ಅಗಲ ಮಾಡದೆ, ಪೂರ್ತಿ ಕೆರೆಯ ಎದುರು ಬದಿಗೆ ಸರಿಸಿ. ಅದಕ್ಕೆ ಯಾರದೋ ಹೊಲ ಹೋಗುತ್ತದೆ ಎಂಬುದು ನನಗೆ ಗೊತ್ತು. ಅವರಿಗೆ ಸರಿಯಾದ ಪರಿಹಾರ ಸಿಗಬೇಕು, ಊರಿನವರು ಅವರ ಜೊತೆ ನಿಲ್ಲಬೇಕು. ಅದಾಗದಿದ್ದರೆ ಮಣ್ಣಿನ ಇಳಿಜಾರಿನ ಬದಲು ತಡೆಗೋಡೆ ಕಟ್ಟಿಸಿ, ರಸ್ತೆ ಏರಿಯ ಬುಡ ಕೆರೆಯೊಳಗೆ ಚಾಚುವುದು ಕಡಿಮೆಯಾಗುತ್ತದೆ. ರಸ್ತೆ ಕೆರೆ ಏರಿಯ ಮೇಲೆಯೇ ಇದ್ದರೆ ಮಾತು ಇನ್ನೂ ಗಂಭೀರ. ಹಳೇ ಕಲ್ಲಿನ ತೂಬಿನ ಪಕ್ಕ ರೋಲರ್ ಓಡಿಸುವ ಮುನ್ನ ಸಣ್ಣ ನೀರಾವರಿ ಇಲಾಖೆಯ ಒಪ್ಪಿಗೆ ಇದೆಯೇ, ಕೋಡಿಯ ನೀರು ಹೋಗುವ ಸಿಡಿ ಎಷ್ಟು ದೊಡ್ಡದು ಎಂದು ಕೇಳಲೇಬೇಕು.

ಹೆಬ್ಬಾತುಗಳ ಬಗ್ಗೆ. ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನವೆಂಬರ್ ಹೊತ್ತಿಗೆ ಬಂದು, ಬೇಸಿಗೆಯ ಮುನ್ನ ಹೋಗುತ್ತದೆ. ಹಗಲು ಕೆರೆಯಲ್ಲಿ ಕೂತು, ಸಂಜೆ-ಬೆಳಗಿನ ಕತ್ತಲಲ್ಲಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತದೆ. ಅಂದರೆ ಅದಕ್ಕೆ ಕೆರೆಯೊಂದೇ ಮನೆ ಅಲ್ಲ, ಕೆರೆ ಮತ್ತು ಹೊಲದ ನಡುವಿನ ಆಕಾಶವೂ ಬೇಕು. ರಸ್ತೆ ಅಗಲವಾದಾಗ ವಿದ್ಯುತ್ ಕಂಬಗಳನ್ನು ಕಿತ್ತು ಸರಿಸುತ್ತಾರೆ. ಆ ತಂತಿ ಕೆರೆಯ ಅಂಚಿಗೆ ಬಂದರೆ ಕತ್ತಲಲ್ಲಿ ಹಾರುವ ಇಷ್ಟು ದೊಡ್ಡ ಹಕ್ಕಿಗೆ ಅದು ಕಾಣುವುದಿಲ್ಲ. ತಂತಿಯನ್ನು ಎದುರು ಬದಿಗೆ ಹಾಕಿಸಿ, ಇಲ್ಲವೇ ಅಷ್ಟು ದೂರ ನೆಲದೊಳಗೆ ಕೇಬಲ್ ಕೇಳಿ. ಕೆರೆಗೆ ಮುಖ ಮಾಡಿದ ದೀಪ ಬೇಡ. ಜೆಸಿಬಿ, ರೋಲರ್ ಕೆಲಸ ಕೆರೆಯ ಪಕ್ಕ ನವೆಂಬರ್‌ನಿಂದ ಫೆಬ್ರುವರಿವರೆಗೆ ಬೇಡ. ಈ ಚಳಿಗಾಲವೇ ಹಕ್ಕಿ ಎಣಿಸಲು ಶುರು ಮಾಡಿ. ಬೆಳಕು ಹರಿಯುವಾಗ, ಒಂದೇ ಜಾಗದಲ್ಲಿ ನಿಂತು, ತಾರೀಖು ಹಾಕಿ ಬರೆಯಿರಿ. ಶಾಲೆಯ ಮಕ್ಕಳನ್ನು ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಕೆಲಸ ಶುರುವಾಗುವ ಮೊದಲಿನ ಲೆಕ್ಕ ಇಲ್ಲದಿದ್ದರೆ ನಂತರ ಹಕ್ಕಿ ಕಡಿಮೆಯಾಯಿತು ಎಂದು ಸಾಬೀತು ಮಾಡಲು ಆಗುವುದಿಲ್ಲ.

ಮಣ್ಣು ಎಲ್ಲಿಂದ ತರುತ್ತಾರೆ ಎಂಬುದನ್ನು ಬಹಳ ಮಂದಿ ಕೇಳುವುದೇ ಇಲ್ಲ. ನನಗೆ ಹೆಚ್ಚು ಆತಂಕ ಇರುವುದು ಇಲ್ಲೇ. ಮೇಲೆ 12 ಮೀಟರ್ ಅಗಲ, 2 ಮೀಟರ್ ಎತ್ತರದ ಹೊಸ ಏರಿಗೆ, ಇಳಿಜಾರು ಸೇರಿ ಕಿ.ಮೀ.ಗೆ ಸುಮಾರು 32,000 ಘನ ಮೀಟರ್ ಮಣ್ಣು ಬೇಕು. ಟಿಪ್ಪರ್‌ಗೆ 10 ಘನ ಮೀಟರ್ ಎಂದರೆ 3,200 ಲೋಡ್. ‘ನಿಮ್ಮ ಕೆರೆ ಹೂಳು ಪುಕ್ಕಟೆ ತೆಗೆದುಕೊಡುತ್ತೇವೆ’ ಎಂದು ಗುತ್ತಿಗೆದಾರರು ಬಂದರೆ ಊರಿಗೆ ಖುಷಿ. ಮಹಾರಾಷ್ಟ್ರದ ಬುಲ್ಡಾಣಾದಲ್ಲಿ ಹೀಗೆ ಹೆದ್ದಾರಿಗೆ ಕೆರೆ ಮಣ್ಣು ಬಳಸಿದ್ದಾರೆ, ಸರಿಯಾಗಿ ಮಾಡಿದರೆ ಒಳ್ಳೆಯದೇ. ಆದರೆ ನಮ್ಮ ಕೆರೆಯ ಹೂಳು ಎರೆ ಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರುಕು. ರಸ್ತೆ ಏರಿಗೆ ಅದು ಆಗುವುದಿಲ್ಲ, ಹೆಚ್ಚು ಉಬ್ಬುವ ಮಣ್ಣನ್ನು ಹೆದ್ದಾರಿ ಸಚಿವಾಲಯದ ನಿಬಂಧನೆಗಳೂ ಒಪ್ಪುವುದಿಲ್ಲ. ಗುತ್ತಿಗೆದಾರರಿಗೆ ಬೇಕಾದದ್ದು ಅದರ ಕೆಳಗಿನ ಗರಸು. ಹೂಳನ್ನು ಪಕ್ಕಕ್ಕೆ ಸರಿಸಿ ಗರಸಿಗೆ ಕೈ ಹಾಕಿದರೆ ಕೆರೆಯ ತಳದಲ್ಲಿ ನೀರು ತಡೆಯುವ ಜಿಗಿ ಪದರ ಹರಿಯುತ್ತದೆ. ಮುಂದೆ ಕೆರೆ ತುಂಬಿದರೂ ನೀರು ನಿಲ್ಲುವುದಿಲ್ಲ. ಹೀಗಾಗಿ ಎಷ್ಟು ಆಳ ಎಂದು ಮೊದಲೇ ಬರೆಸಿಕೊಳ್ಳಿ, ಗೂಟ ಹೊಡೆಸಿ, ಹೂಳು ಮುಗಿದ ಕಡೆ ನಿಲ್ಲಿಸಿ. ರಸ್ತೆಯಂಥ ಯೋಜನೆಗಳಿಗೆ ಮಣ್ಣು ತೆಗೆಯಲು 2020ರಲ್ಲಿ ಕೊಟ್ಟಿದ್ದ ಸಾರಾಸಗಟು ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ರದ್ದು ಮಾಡಿದೆ. ಈಗಿನ ಷರತ್ತು ಏನು, ಈ ಗುತ್ತಿಗೆಗೆ ಅನುಮತಿ ಎಲ್ಲಿದೆ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ಕೆಲಸ ನಡೆಯುವಾಗ ಕಣ್ಣಿಡಬೇಕಾದ್ದು ಡೈವರ್ಷನ್ ಮೇಲೆ. ಹೊಸ ಸೇತುವೆ ಕಟ್ಟುವಾಗ ಪಕ್ಕದಲ್ಲೇ ಹಳ್ಳಕ್ಕೆ ಮಣ್ಣು ತುಂಬಿ, ಎರಡು ಮೂರು ಸಿಮೆಂಟ್ ಪೈಪ್ ಇಟ್ಟು ಬಳಸುದಾರಿ ಮಾಡುತ್ತಾರೆ. ಅದು ಮಳೆಗಾಲಕ್ಕೂ ಹಾಗೇ ಉಳಿದರೆ ಮೇಲಿನ ಹೊಲಗಳು ಮುಳುಗುತ್ತವೆ, ಇಲ್ಲವೇ ಒಡೆದು ಅಷ್ಟೂ ಮಣ್ಣು ಕೆರೆಗೆ ಬರುತ್ತದೆ. ಸೇತುವೆ ಮುಗಿದ ಮೇಲೂ ಅದನ್ನು ಪೂರ್ತಿ ತೆಗೆಯದೆ ಬಿಟ್ಟರೆ ಎಷ್ಟೇ ದೊಡ್ಡ ಸೇತುವೆ ಇದ್ದರೂ ನೀರಿಗೆ ದಾರಿ ಆ ಪೈಪಿನಷ್ಟೇ. ಹಳ್ಳದೊಳಗಿನ ಕೆಲಸ ಜನವರಿಯಿಂದ ಮೇ ಒಳಗೆ ಮುಗಿಯಬೇಕು, ಡೈವರ್ಷನ್ ಮಣ್ಣು ಹಳ್ಳದ ತಳದವರೆಗೆ ತೆಗೆಯಬೇಕು ಎಂದು ಕರಾರಿನಲ್ಲೇ ಇರಲಿ. ಕಾಂಕ್ರೀಟ್ ಮಿಕ್ಸರ್ ಲಾರಿಗಳನ್ನು ಹಳ್ಳದಲ್ಲಿ ತೊಳೆಯಲು ಬಿಡಬೇಡಿ. ಆ ನೀರು ಸುಣ್ಣದಷ್ಟು ಕ್ಷಾರ, ಮಡುವಿನಲ್ಲಿ ಉಳಿದ ಮೀನು ಸಾಯುತ್ತವೆ.

ಇಷ್ಟನ್ನೂ ಒಬ್ಬರೇ ಮಾಡಲು ಹೋಗಬೇಡಿ. ಗ್ರಾಮ ಸಭೆಯಲ್ಲಿ ಇಟ್ಟು ಪಂಚಾಯಿತಿಯ ಠರಾವು ಮಾಡಿಸಿ. ಕಸದ ಗೆರೆಯ ಅಳತೆ, ನೀರು ದಾಟುವ ಜಾಗಗಳ ಪಟ್ಟಿ, ಗ್ರಾಮ ನಕಾಶೆ, ಹಕ್ಕಿ ಲೆಕ್ಕ ಇವನ್ನು ಠರಾವಿನ ಜೊತೆ ಕಾರ್ಯನಿರ್ವಾಹಕ ಎಂಜಿನಿಯರ್, ತಹಶೀಲ್ದಾರ್, ಸಣ್ಣ ನೀರಾವರಿ ಇಲಾಖೆ, ಜಿಲ್ಲಾಧಿಕಾರಿ ನಾಲ್ವರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಅಳತೆ ಕಲ್ಲು ಈಗಷ್ಟೇ ಬಿದ್ದಿದೆ ಅಂದರೆ ಸಿಡಿಗಳ ನಕ್ಷೆ ಬದಲಿಸಲು ಇನ್ನೂ ಸಮಯ ಇದೆ. ಗುತ್ತಿಗೆ ಕೊಟ್ಟ ಮೇಲೆ ಒಂದು ಪೈಪ್ ಹೆಚ್ಚಿಸಲೂ ಹೊಸ ಅಂದಾಜುಪಟ್ಟಿ, ಹೊಸ ಮಂಜೂರಾತಿ ಬೇಕಾಗುತ್ತದೆ. ಆದ್ದರಿಂದ ಮಾಹಿತಿ ಹಕ್ಕಿನ ಅರ್ಜಿಯನ್ನು ಈ ವಾರವೇ ಹಾಕಿ. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಅಷ್ಟರಲ್ಲಿ ನೀವು ಹಳ್ಳದ ಅಳತೆ ಮುಗಿಸಿರಬಹುದು.